ಬ್ರೋಕರ್ ಬೇಕಾ, ಏಜೆಂಟ್ ಸಾಕಾ?

ಡಲ್ಲಾಸ್ ಹತ್ತಿರ ಮನೆ ತಗೊಳ್ಳೋಣ ಅಂತ ಹೊರಟಾಗ ನಮ್ಮಿಬ್ಬರ ಮೊದಲ ಜಗಳ ಆಗಿದ್ದೇ ಈ ವಿಷಯಕ್ಕೆ. ನಮ್ಮವರದು ಒಂದೇ ಹಠ: "ಬ್ರೋಕರ್ ಅಂದರೆ ಮೇಲಿನವರು, ನೇರವಾಗಿ ಅವರನ್ನೇ ಹಿಡಿಯೋಣ." ನನಗೆ ಮಾತ್ರ ಫೋನ್ ಮಾಡಿದರೆ ಎತ್ತುವವರು ಬೇಕಿತ್ತು.

ಅವರು ಹೇಳಿದ್ದು ಪೂರ್ತಿ ಸುಳ್ಳೇನಲ್ಲ. ಟೆಕ್ಸಾಸಿನಲ್ಲಿ ಏಜೆಂಟ್ ಲೈಸೆನ್ಸಿಗೆ 180 ಗಂಟೆ ಪಾಠ ಮುಗಿಸಿ ಪರೀಕ್ಷೆ ಬರೆಯಬೇಕು. ಬ್ರೋಕರ್ ಆಗಲು ಕನಿಷ್ಠ 4 ವರ್ಷ ಕೆಲಸ ಮಾಡಿರಬೇಕು, ಓದುವುದೂ ಜಾಸ್ತಿ. ಆದರೆ ಏಜೆಂಟ್ ಸ್ವಂತವಾಗಿ ವ್ಯವಹಾರ ನಡೆಸುವ ಹಾಗಿಲ್ಲ, ಯಾವುದಾದರೂ ಬ್ರೋಕರ್ ಕೈಕೆಳಗೇ ಇರಬೇಕು. ಕಮಿಷನ್ ಕೂಡ ಬ್ರೋಕರ್ ಮೂಲಕವೇ ಏಜೆಂಟ್ ಕೈಗೆ ಬರುತ್ತದೆ. ಅಂದರೆ ಏಜೆಂಟ್ ಹಿಡಿದವರಿಗೂ ಹಿಂದೆ ಒಬ್ಬ ಬ್ರೋಕರ್ ಇದ್ದೇ ಇರುತ್ತಾರೆ. ಇದು ತಿಳಿದ ಮೇಲೆ ಯಜಮಾನರ ಹಠ ಸ್ವಲ್ಪ ಇಳಿಯಿತು. (ರಾಜ್ಯ ಬದಲಾದರೆ ಕಥೆಯೂ ಬದಲು. ಇಲಿನಾಯ್, ವಾಷಿಂಗ್ಟನ್‌ಗಳಲ್ಲಿ ನಿನ್ನೆ ಮೊನ್ನೆ ಲೈಸೆನ್ಸ್ ಪಡೆದವರೂ ಬ್ರೋಕರೇ!)

ಆದರೂ ಒಬ್ಬ ಬ್ರೋಕರನ್ನು ನೋಡಿ ಬಂದೆವು. ಒಳ್ಳೆಯ ಮನುಷ್ಯ, ವಿಷಯ ಚೆನ್ನಾಗಿ ಗೊತ್ತು. ಕೊನೆಗೆ ಹೇಳಿದ್ದು, ಮನೆ ತೋರಿಸಲು ತಮ್ಮ ಸಹಾಯಕರು ಬರುತ್ತಾರೆ ಅಂತ. ಮತ್ತೆ ಇವರನ್ನೇ ಹುಡುಕಿಕೊಂಡು ಬಂದು ಏನು ಪ್ರಯೋಜನ, ಅಲ್ವಾ?

ಆಮೇಲೆ ಸಿಕ್ಕವರು ಒಬ್ಬ ಏಜೆಂಟ್ ಹೆಂಗಸು. ಮನೆ ಫೋಟೋ ತೋರಿಸುವ ಮೊದಲೇ ಮೇಜಿನ ಮೇಲೆ ಒಂದು ಹಾಳೆ ಇಟ್ಟರು. ಟೆಕ್ಸಾಸ್ ರಿಯಲ್ ಎಸ್ಟೇಟ್ ಕಮಿಷನ್ ನಿಗದಿ ಮಾಡಿರುವ ಮಾಹಿತಿ ಪತ್ರ ಅದು. ಕೆಳಗೆ ಅವರ ಹೆಸರು, ಬ್ರೋಕರ್ ಹೆಸರು, ಇಬ್ಬರ ಲೈಸೆನ್ಸ್ ನಂಬರ್. ನಡುವೆ 'ಇಂಟರ್‌ಮೀಡಿಯರಿ' ಅಂತ ಒಂದು ಭಾಗ ಇತ್ತು. ಅದರ ಕೆಳಗೆ ಪೆನ್ನಿನಿಂದ ಗೆರೆ ಎಳೆದು, "ಇದನ್ನು ಮಾತ್ರ ಎರಡು ಸಲ ಓದಿ" ಅಂದರು. ನಮಗೆ ಇಷ್ಟವಾದ ಮನೆಯನ್ನು ಮಾರಲು ಕೊಟ್ಟಿರುವುದೂ ಅದೇ ಬ್ರೋಕರಿಗೇ ಆದರೆ, ಎರಡೂ ಕಡೆಯವರು ಬರೆದು ಒಪ್ಪಿದರೆ ಬ್ರೋಕರ್ ನಡುವೆ ನಿಲ್ಲಬಹುದು. ಆಗ ಅವರು ಯಾರ ಪರವೂ ವಾಲುವಂತಿಲ್ಲ. ಮಾರುವವರು ಕಡಿಮೆ ಬೆಲೆಗೂ ಒಪ್ಪುತ್ತಾರೆ ಅಂತ ಗೊತ್ತಿದ್ದರೂ, ಅವರು ಬರೆದು ಅನುಮತಿ ಕೊಡದೆ ನಮಗೆ ಹೇಳುವಂತಿಲ್ಲ. ಚೌಕಾಸಿ ಮಾಡಲು ಬೇಕಾದ ಮಾತೇ ಅದು! ತಮ್ಮ ಕಂಪನಿಗೆ ನಷ್ಟವಾಗಬಹುದಾದ ಸಾಲನ್ನು ತಾವೇ ತೋರಿಸಿದರಲ್ಲ, ನಾನು ಅಲ್ಲೇ ಮನಸ್ಸು ಮಾಡಿಬಿಟ್ಟೆ.

ಫೀಸಿನ ಮಾತೂ ಅವತ್ತೇ ಮುಗಿಯಿತು. 2024ರ ಆಗಸ್ಟ್‌ನಲ್ಲಿ ಬಂದ ಹೊಸ ನಿಯಮದ ಪ್ರಕಾರ, ಎಂಎಲ್‌ಎಸ್‌ನಲ್ಲಿರುವ (ಬ್ರೋಕರುಗಳು ಮಾರಾಟದ ಮನೆಗಳ ವಿವರ ಹಂಚಿಕೊಳ್ಳುವ ಪಟ್ಟಿ ಅದು) ಏಜೆಂಟರು ಮನೆ ತೋರಿಸುವ ಮೊದಲೇ ಕೊಳ್ಳುವವರ ಜೊತೆ ಬರಹದ ಒಪ್ಪಂದ ಮಾಡಿಕೊಳ್ಳಬೇಕು. ತಮಗೆಷ್ಟು ಸಿಗಬೇಕು ಅಂತ ಅದರಲ್ಲೇ ಇರಬೇಕು. ಆ ಅಂಕಿ ಕಲ್ಲಿನಲ್ಲಿ ಕೆತ್ತಿದ್ದೇನಲ್ಲ, ಕೇಳಿ ಇಳಿಸಬಹುದು. ನಾವು ಕೇಳಿದೆವು, ಸ್ವಲ್ಪ ಇಳಿಯಿತು.

ಬ್ರೋಕರ್ ನಿಜವಾಗಿ ಬೇಕಾಗಿದ್ದು ಕೊನೆಯಲ್ಲಿ. ಈ ಕಡೆಯ ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗುತ್ತದೆ, ಅದರ ಜೊತೆ ಮನೆಯ ಫೌಂಡೇಶನ್ನೂ ಆಡುತ್ತದೆ. ನಾವು ಒಪ್ಪಿದ ಮನೆಯ ತಪಾಸಣೆಯಲ್ಲಿ ಅದೇ ತಕರಾರು ಬಂತು. ಆಪ್ಷನ್ ಅವಧಿ ಅಂತ ಇರುತ್ತದೆ, ಅದರೊಳಗೆ ಕಾರಣ ಕೊಡದೆ ಹಿಂದೆ ಸರಿಯಬಹುದು. ಕೊನೆಯ ದಿನ ಸಂಜೆ 5 ದಾಟಿದರೆ ಆ ದಾರಿ ಮುಚ್ಚಿತು. ರಿಪೇರಿ ಷರತ್ತನ್ನು ಹೇಗೆ ಬರೆಯಬೇಕು ಅಂತ ನಮ್ಮ ಏಜೆಂಟಿಗೆ ಅನುಮಾನ ಬಂತು. ಸುಮ್ನೆ ಏನೋ ಬರೆಯಲಿಲ್ಲ, ನಮ್ಮೆದುರೇ ಬ್ರೋಕರಿಗೆ ಫೋನ್ ಹಚ್ಚಿದರು. ಆ ಕಡೆಯಿಂದ ತಕ್ಷಣ ಎತ್ತಿದರು. ಹಾಳೆ 5 ಗಂಟೆಯೊಳಗೆ ಹೋಯಿತು.

ಈಗ ಯಾರಾದರೂ ಕೇಳಿದರೆ, ಏಜೆಂಟನ್ನು ಒಪ್ಪುವ ಮೊದಲು ಅವರ ಬ್ರೋಕರ್ ಜೊತೆ ಹತ್ತು ನಿಮಿಷ ಮಾತಾಡಿ ಅನ್ನುತ್ತೇನೆ. ಅಂಗಡಿ ಮಳಿಗೆಯೋ ಗುತ್ತಿಗೆಯೋ ಆದರೆ ಮಾತ್ರ ನಾನೂ ನೇರವಾಗಿ ಬ್ರೋಕರ್ ಬಾಗಿಲನ್ನೇ ತಟ್ಟುತ್ತಿದ್ದೆ. ಇದನ್ನು ಓದಿ ನಮ್ಮವರು, "ನಾನು ಹೇಳಿದ್ದೂ ಅದೇ ತಾನೇ" ಅನ್ನುತ್ತಿದ್ದಾರೆ.