ಟಿ.ಸಿ.ಯಲ್ಲಿ ಕಾರಣದ ಕಾಲಂ

ಕೊಪ್ಪಳ ಜಿಲ್ಲೆಯ ಸರಕಾರಿ ಪ್ರೌಢಶಾಲೆಯೊಂದರಲ್ಲಿ ಪಾಠದ ಜೊತೆಗೆ ವಿದ್ಯಾರ್ಥಿಗಳ ದಾಖಲೆಯ ಆನ್‌ಲೈನ್ ವ್ಯವಸ್ಥೆಯಾದ ಸ್ಯಾಟ್ಸ್ ಕೆಲಸವೂ ನನ್ನ ಪಾಲಿಗೆ ಬಂದಿದೆ. ಒಂಬತ್ತನೆಯ ತರಗತಿಯ ಮಗುವೊಂದರ ಟಿ.ಸಿ. ಅರ್ಜಿ ವರ್ಷದ ನಡುವೆ ಮೇಜಿಗೆ ಬಂದಾಗ, ‘ಪಾಲಕರ ಇಚ್ಛೆಯಂತೆ’ ಎಂಬ ಅದರ ಒಕ್ಕಣೆಯನ್ನು ನಾನು ನಂಬಿದೆ. ಹುಡುಗರ ಸಾಲಿನಲ್ಲಿ ಕೂರಲೊಲ್ಲದ, ನಡಿಗೆಗೂ ಮಾತಿಗೂ ಅಣಕ ಕೇಳಿಸಿಕೊಳ್ಳುತ್ತಿದ್ದ, ಶೌಚಾಲಯಕ್ಕೆ ಹೋಗಲು ಹೆದರಿ ನೀರನ್ನೇ ಕುಡಿಯದ ಮಗು ಅದು. ಇಂಥವರಿಗೆ ಹುಲಿಗೆಮ್ಮ ದೇವಿಯ ಹೆಸರಿನಲ್ಲಿ ಮುತ್ತು ಕಟ್ಟಿಸಿ ಜೋಗಪ್ಪರನ್ನಾಗಿ ಬಿಡುವುದು ನಮ್ಮ ಕಡೆ ಹೊಸದಲ್ಲವಾದ್ದರಿಂದ, ತಂದೆ ಅದನ್ನೇ ನಿಶ್ಚಯಿಸಿ ಬಂದಿದ್ದಾರೆಂದು ಎಣಿಸಿ ಬಿರುಸಾಗಿ ಮಾತನಾಡಿದೆ.

“ನಾವ್ಯಾಕ ಬಿಡಸೋಣ್ರೀ ಸರ? ನಿಮ್ಮ ಸಾಲ್ಯಾಗಿಂದನ ಫೋನ್ ಬಂದೈತಿ” ಎಂದರು ಅವರು.

ಮುಖ್ಯೋಪಾಧ್ಯಾಯರು, ನಮ್ಮ ಎಚ್.ಎಂ., ಕಿಟಕಿಯತ್ತ ನೋಡುತ್ತಿದ್ದರು. ಬೇರೆ ಪಾಲಕರ ದೂರು, ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯರೊಬ್ಬರ ಒತ್ತಡ. ಎಚ್.ಎಂ. ಕೆಟ್ಟವರೇನಲ್ಲ, ರಗಳೆ ಬೇಡವೆನ್ನುವವರು. ಮಗುವಿಗೆ 14 ದಾಟಿದೆ, ಶಿಕ್ಷಣ ಹಕ್ಕು ಕಾಯ್ದೆ (ಆರ್‌ಟಿಇ) ಅಡ್ಡ ಬರುವುದಿಲ್ಲ ಎಂದರು. ಆ ಮಾತು ನಿಜ. ಆದರೆ 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕುಗಳ ರಕ್ಷಣಾ ಕಾಯ್ದೆಯ ಸೆಕ್ಷನ್ 3, ಶಿಕ್ಷಣ ನಿರಾಕರಿಸುವುದನ್ನೂ ನಡುವೆ ನಿಲ್ಲಿಸುವುದನ್ನೂ ತಾರತಮ್ಯವೆಂದೇ ನಿಷೇಧಿಸುತ್ತದೆ, ಅದಕ್ಕೆ ವಯಸ್ಸಿನ, ತರಗತಿಯ ಮಿತಿಯಿಲ್ಲ. ನಾನು ಹೋದ ಯಾವ ತರಬೇತಿಯಲ್ಲಿಯೂ ಇದನ್ನು ಹೇಳಿರಲಿಲ್ಲ. ಅಲ್ಲಿ ಹಾಜರಾತಿ ಸಹಿಗೇ ಅರ್ಧ ದಿನ ಬೇಕು.

“ಫೋನ್ ಮಾಡಿ ಕರೆಸಿದ ಕಾರಣವನ್ನು ನೀವೇ ಬರೆದು ಸಹಿ ಮಾಡಿ ಕೊಡಿ, ಕಾಲಂನಲ್ಲಿ ಅದನ್ನೇ ತುಂಬುತ್ತೇನೆ” ಎಂದು ಎಚ್.ಎಂ.ಗೆ ಹೇಳಿದೆ. ಅವರು ಪೆನ್ನಿನ ಮುಚ್ಚಳ ತೆಗೆದರು. ಜವಾನ ಚಹಾ ಇಟ್ಟು ಹೋದ; ಯಾರೂ ಮುಟ್ಟಲಿಲ್ಲ. ತಂದೆ ಗೋಡೆಗೆ ಒರಗಿ ನಮ್ಮಿಬ್ಬರ ಮುಖವನ್ನೂ ಸರದಿಯಂತೆ ನೋಡುತ್ತಿದ್ದರು. ಸರ್ವರ್ ತಾನಾಗಿಯೇ ಲಾಗೌಟ್ ಆಯಿತು, ಅದರಿಂದ ನಮಗಾದ ಒಂದೇ ಉಪಕಾರ ಅದು. ಎಚ್.ಎಂ. ಮುಚ್ಚಳ ಹಾಕಿ, ಅರ್ಜಿಯನ್ನು ತಂದೆಗೆ ಮರಳಿಸಿ, ನನ್ನೊಡನೆ ವಾರಗಟ್ಟಲೆ ಮಾತು ಬಿಟ್ಟರು.

ಶೌಚಾಲಯದ ಪ್ರಶ್ನೆ ಹಾಗೆಯೇ ಉಳಿಯಿತು. ಸಿಬ್ಬಂದಿ ಶೌಚಾಲಯ ಬಳಸಲು ಬಿಟ್ಟೆವು. ಆದರೆ ಪ್ರತಿ ಸಲ ಎಲ್ಲರೆದುರು ಬೀಗದ ಕೈ ಕೇಳಬೇಕಾದ ಮಗು ಅಲ್ಲಿಗೂ ಹೋಗುತ್ತಿಲ್ಲವೆಂದು ಚಿತ್ರಕಲಾ ಶಿಕ್ಷಕಿ ಗಮನಿಸಿ ಹೇಳಿದ ಮೇಲೆ ಬೀಗವನ್ನೇ ತೆಗೆದೆವು. ಅಣಕಿಸುವವರ ಪಾಲಕರನ್ನು ಕರೆಸುವ ಕೆಲಸವನ್ನೂ ಅವರೇ ವಹಿಸಿಕೊಂಡರು.

ಅದೇ 2019ರ ಕಾಯ್ದೆಯ ಸೆಕ್ಷನ್ 11ರ ಪ್ರಕಾರ ಪ್ರತಿ ಸಂಸ್ಥೆಯೂ ದೂರು ಅಧಿಕಾರಿಯೊಬ್ಬರನ್ನು ಗೊತ್ತುಪಡಿಸಬೇಕು. ಬಿಸಿಯೂಟದ ಮೊಟ್ಟೆಯ ಲೆಕ್ಕವನ್ನು ತಪ್ಪದೆ ಕೇಳುವ ಮೇಲಿನವರು ಆ ಹೆಸರನ್ನು ನಮ್ಮಿಂದ ಇನ್ನೂ ಕೇಳಿಲ್ಲ. ಶಿಕ್ಷಕಿಯ ಹೆಸರನ್ನೂ ಮಕ್ಕಳ ಸಹಾಯವಾಣಿ 1098 ಅನ್ನೂ ಸೂಚನಾ ಫಲಕಕ್ಕೆ ನಾವೇ ಅಂಟಿಸಿದ್ದೇವೆ.