ಗುರಾಣಿ ಮಂತ್ರದ ಲೆಕ್ಕದ ಪುಸ್ತಕ: ಮೂರನೆಯ ಹಂತದಿಂದ ಐದನೆಯದರವರೆಗೆ

ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ದಾಳ ಉರುಳಿಸುತ್ತ ಕಥೆ ನಡೆಸುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ ಐದನೆಯ ಆವೃತ್ತಿಯನ್ನು ನಮ್ಮ ಗುಂಪು ಇಂದಿಗೂ 2014ರ ನಿಯಮಗಳಂತೆಯೇ ಆಡುತ್ತದೆ. ಈ ಬಾರಿ ನಾನು ಬೆಂಕಿ ಎರಚುವ ಮಾಂತ್ರಿಕನನ್ನು ಬಿಟ್ಟು, ರಕ್ಷಣಾ ವಿದ್ಯೆಯಾದ ಅಬ್ಜುರೇಶನ್ ಕಲಿತ ಮಾಂತ್ರಿಕನನ್ನು ಆರಿಸಿಕೊಂಡೆ. ತಗಲಿದ ಏಟನ್ನು ತಪ್ಪಿಸಲು ಅವನು ಶೀಲ್ಡ್ ಮಂತ್ರವನ್ನು ಬಳಸಿದಾಗಲೆಲ್ಲ ದಾಳದ ಮೊತ್ತವನ್ನೂ ಫಲವನ್ನೂ ಬರೆದಿಡಬೇಕೆಂದು ಒಂದು ಪುಸ್ತಕವನ್ನೂ ತೆರೆದೆ. ಮೇಜಿನ ಸುತ್ತ ನಾವೆಲ್ಲ ಕನ್ನಡದಲ್ಲೇ ಮಾತನಾಡುವುದರಿಂದ ಶೀಲ್ಡ್ ಎಂಬುದು ಗುರಾಣಿಯಾಯಿತು, ಮೇಜ್ ಆರ್ಮರ್ ಕವಚವಾಯಿತು, ಪೆಟ್ಟನ್ನು ಮಾಂತ್ರಿಕನಿಗಿಂತ ಮೊದಲು ತಾನು ನುಂಗುವ ಆರ್ಕೇನ್ ವಾರ್ಡ್ ರಕ್ಷೆಯಾಯಿತು. ಮಲಗುವ ಜಾಗದ ಸುತ್ತ ಹಾಕುವ ಅಲಾರ್ಮ್ ಮಂತ್ರಕ್ಕೆ ಯಾರೋ ದಿಗ್ಬಂಧನ ಎಂದರು. ಆ ಹೆಸರು ಮೂಲಕ್ಕಿಂತ ಚೆನ್ನಾಗಿದೆ ಎಂದು ನನ್ನ ಅಭಿಪ್ರಾಯ.

ಕೂಟ 1, ಮೂರನೆಯ ಹಂತ. ಮಾಂತ್ರಿಕನ ಹಿಟ್ ಪಾಯಿಂಟ್, ಅಂದರೆ ಪೆಟ್ಟು ತಿಂದಂತೆ ಇಳಿಯುವ ಜೀವದ ಅಂಕ, 20. ಬೆಳಗ್ಗೆ ಕವಚ ಮಂತ್ರ ಹಾಕಿಕೊಂಡರೆ ಎಂಟು ಗಂಟೆ ಕಾಲ ಅವನ ಆರ್ಮರ್ ಕ್ಲಾಸ್, ಅಂದರೆ ಏಟು ತಗಲಲು ಎದುರಾಳಿಯ ದಾಳದ ಮೊತ್ತ ಮುಟ್ಟಬೇಕಾದ ಅಂಕ, 15 ಆಗಿರುತ್ತದೆ. ಅದೇ ಮಂತ್ರದ ಎಳೆಯಿಂದ ರಕ್ಷೆಯೂ ಹುಟ್ಟುತ್ತದೆ: ಹಂತದ ಎರಡರಷ್ಟಕ್ಕೆ ಬುದ್ಧಿಯ ಅಂಕ 3 ಸೇರಿ ಒಟ್ಟು 9. ಇದಕ್ಕೆ, ಮಂತ್ರ ಹಾಕಲು ದಿನಕ್ಕೆ ಇಷ್ಟೇ ಎಂದು ಸಿಗುವ ಮೊದಲ ದರ್ಜೆಯ ನಾಲ್ಕು ಸ್ಲಾಟ್‌ಗಳಲ್ಲಿ ಒಂದು ಖರ್ಚಾಗಿ, ಗುರಾಣಿಗೆ ಮೂರು ಉಳಿಯುತ್ತವೆ. ಕಣಿವೆಯಲ್ಲಿ ನಾಲ್ಕು ಗಾಬ್ಲಿನ್‌ಗಳು ಮೇಲೆರಗಿದವು. ಆಟ ನಡೆಸುವ ಗೆಳತಿ ದಾಳವನ್ನು ಪರದೆಯ ಹಿಂದೆ ಉರುಳಿಸಿ "ತಗಲಿತು" ಎಂದಷ್ಟೇ ಹೇಳುತ್ತಿದ್ದಳು. ಮೂರು ಬಾರಿ ಗುರಾಣಿ ಎತ್ತಿದೆ. ಒಂದು ಏಟು ಮಾತ್ರ ತಪ್ಪಿತು. ಉಳಿದ ಎರಡು ಸಲ ಏಟೂ ಬಿತ್ತು, ಸ್ಲಾಟೂ ಹೋಯಿತು.

ಮನೆಗೆ ಬಂದು ಲೆಕ್ಕ ಹಾಕಿದೆ. ಗಾಬ್ಲಿನ್ ತನ್ನ ದಾಳಕ್ಕೆ 4 ಕೂಡಿಸಿಕೊಳ್ಳುವುದರಿಂದ, 15ನ್ನು ಮುಟ್ಟಲು ಇಪ್ಪತ್ತು ಮುಖದ ದಾಳದಲ್ಲಿ ಅದಕ್ಕೆ 11 ಅಥವಾ ಹೆಚ್ಚು ಬೀಳಬೇಕು, ಅಂದರೆ ಹತ್ತು ಮುಖಗಳು ಅದರ ಪರವಾಗಿವೆ. ಗುರಾಣಿ ಆರ್ಮರ್ ಕ್ಲಾಸಿಗೆ 5 ಸೇರಿಸಿ 20 ಮಾಡಿದಾಗ 11ರಿಂದ 15ರವರೆಗಿನ ಐದು ಮುಖಗಳು ವ್ಯರ್ಥವಾಗುತ್ತವೆ. 16ರಿಂದ ಮೇಲಿನ ಐದು ಹಾಗೆಯೇ ಉಳಿಯುತ್ತವೆ. ಹೀಗಾಗಿ ಮೊತ್ತ ತಿಳಿಯದೆ ಎತ್ತಿದ ಗುರಾಣಿ ಆ ಏಟಿನ ಮಟ್ಟಿಗೆ ಅರ್ಧಕ್ಕರ್ಧ ಜೂಜು. ಆದರೆ ಮಂತ್ರ ನನ್ನ ಮುಂದಿನ ಸರದಿಯ ಆರಂಭದವರೆಗೆ ನಿಲ್ಲುವುದರಿಂದ, ಆ ಸುತ್ತಿನಲ್ಲಿ ಇನ್ನೂ ಮೂರು ಗಾಬ್ಲಿನ್‌ಗಳು ಹೊಡೆಯುವುದಿದ್ದರೆ ಜೂಜು ಲಾಭಕರ. ಕೊನೆಯ ಗಾಬ್ಲಿನ್‌ನ ಏಟಿಗೆ ಗುರಾಣಿ ಎತ್ತಿದ್ದು ನನ್ನ ತಪ್ಪು.

ಕೂಟ 2. ಇದನ್ನು ಬರೆಯಲು ಸ್ವಲ್ಪ ನಾಚಿಕೆಯಾಗುತ್ತದೆ. ಗುಹೆಯಲ್ಲಿ ಒಂದು ಕೈಯಲ್ಲಿ ಪಂಜು, ಇನ್ನೊಂದರಲ್ಲಿ ದಂಡ ಹಿಡಿದು ನಡೆಯುತ್ತಿದ್ದೆ. ಬಾಣ ತಗಲಿದೊಡನೆ ಗುರಾಣಿ ಎಂದೆ. ಕೈ ಎಲ್ಲಿ ಖಾಲಿಯಿದೆ ಎಂದು ಗೆಳತಿ ಕೇಳಿದಳು. ಈ ಮಂತ್ರಕ್ಕೆ ಉಚ್ಚಾರಣೆಯೂ ಹಸ್ತಮುದ್ರೆಯೂ ಬೇಕು, ಸಾಮಗ್ರಿ ಬೇಡ. ಸಾಮಗ್ರಿ ಬೇಕಾದ ಮಂತ್ರವಾಗಿದ್ದರೆ ದಂಡ ಹಿಡಿದ ಕೈಯಿಂದಲೇ ಮುದ್ರೆ ಮಾಡಬಹುದಿತ್ತು. ಸಾಮಗ್ರಿ ಇಲ್ಲದ ಕಾರಣಕ್ಕೇ ಇಲ್ಲಿ ಬೇರೆ ಕೈ ಬೇಕಾಗುತ್ತದೆ. ವಿಚಿತ್ರವೆನಿಸಿದರೂ ನಿಯಮ ಹಾಗೆಯೇ ಇದೆ, ವಾದಿಸಲಿಲ್ಲ. ಅಂದಿನಿಂದ ಪಂಜನ್ನು ಬಿಟ್ಟು, ಲೈಟ್ ಮಂತ್ರದಿಂದ ದಂಡದ ತುದಿಯನ್ನೇ ಬೆಳಗಿಸಿಕೊಂಡು ಒಂದು ಕೈಯನ್ನು ಸದಾ ಬರಿದಾಗಿ ಇಟ್ಟುಕೊಂಡಿದ್ದೇನೆ.

ಕೂಟ 3. ಹೊಡೆದಾಟವಿರಲಿಲ್ಲ. ರಾತ್ರಿ ಬಿಡಾರದಲ್ಲಿ ದಿಗ್ಬಂಧನವನ್ನು ಸ್ಲಾಟ್ ಖರ್ಚಿಲ್ಲದೆ ವಿಧಿಪೂರ್ವಕವಾಗಿ ಹಾಕಿದೆ. ಹೀಗೆ ಹಾಕಲು ಹನ್ನೊಂದು ನಿಮಿಷ ಹಿಡಿಯುತ್ತದೆ. ಅದೂ ಅಬ್ಜುರೇಶನ್ ಮಂತ್ರವೇ ಆದ್ದರಿಂದ, ಸವೆದ ರಕ್ಷೆಗೆ ಪ್ರತಿ ಬಾರಿಯೂ 2 ಅಂಕ ಮರಳುತ್ತವೆ. ಬಿಡುವಿದ್ದರೆ ಒಂದು ಗಂಟೆಯೊಳಗೆ ರಕ್ಷೆಯ 9 ಅಂಕಗಳನ್ನೂ ಮರಳಿ ಗಳಿಸಬಹುದು. ಜೊತೆಗಾರರು ಅಷ್ಟು ಹೊತ್ತು ಕಾಯುವುದಿಲ್ಲ ಎಂಬುದು ಬೇರೆ ಮಾತು.

ಕೂಟ 4. ಆಟಕ್ಕೆ ಮೊದಲು ಪರದೆಯ ವಿಷಯ ಎತ್ತಿದೆ. ಏಟು ತಗಲಿದಾಗ ಮಂತ್ರ ಹಾಕಬಹುದು ಎಂದು ನಿಯಮ ಹೇಳುತ್ತದೆಯೇ ಹೊರತು, ಮೊತ್ತವನ್ನು ಆಟಗಾರನಿಗೆ ತಿಳಿಸಲೇಬೇಕು ಎನ್ನುವುದಿಲ್ಲ. ಸ್ಲಾಟ್ ಕಳೆಯುವುದೂ ರಿಯಾಕ್ಷನ್ (ಇತರರ ಸರದಿಯಲ್ಲೂ ಮಾಡಬಹುದಾದ ತಕ್ಷಣದ ಪ್ರತಿಕ್ರಿಯೆ) ಕಳೆಯುವುದೂ ಸಾಕಷ್ಟು ಬೆಲೆಯೇ, ಅದರ ಮೇಲೆ ಕುರುಡು ಜೂಜು ಬೇಡ ಎಂದು ವಾದಿಸಿದೆ. ಅವಳು ಒಪ್ಪಿದಳು, ಇನ್ನು ಮುಂದೆ "ಹದಿನೇಳು, ತಗಲಿತು" ಎನ್ನುತ್ತಾಳೆ. ಅಂದು ಎದುರಾದದ್ದು ಓಗರ್ ಎಂಬ ದೈತ್ಯ. ಅದು ದಾಳಕ್ಕೆ 6 ಕೂಡಿಸುತ್ತದೆ, ತಗಲಿದರೆ ಸರಾಸರಿ 13 ಪೆಟ್ಟು. ಅದರ ಪರವಾದ ಮುಖಗಳು ಹನ್ನೆರಡು, ಗುರಾಣಿ ಅಳಿಸುವುದು ಮತ್ತೆ ಐದನ್ನೇ. ಇಲ್ಲಿ ನನಗೆ ಹೊಳೆದದ್ದೆಂದರೆ, ಆ ಐದು ಬದಲಾಗುವುದಿಲ್ಲ, ಯಾವ ಸಂಖ್ಯೆಯಿಂದ ಕಳೆಯುತ್ತೇವೆ ಎಂಬುದು ಬದಲಾಗುತ್ತದೆ. ಗಾಬ್ಲಿನ್ ಎದುರು ಕವಚವಿಲ್ಲದೆ ಆರ್ಮರ್ ಕ್ಲಾಸ್ 12ರಲ್ಲಿ ನಿಂತರೆ ಹದಿಮೂರರಲ್ಲಿ ಐದು. ಲೋಹದ ಕವಚ ತೊಟ್ಟು 18ರಲ್ಲಿ ನಿಂತವನಿಗೆ ಏಳರಲ್ಲಿ ಐದು. ದುರ್ಬಲರಿಗಾಗಿ ಮಾಡಿದಂತೆ ಕಾಣುವ ಮಂತ್ರ ನಿಜವಾಗಿ ಬಲಿಷ್ಠನಿಗೇ ಹೆಚ್ಚು ಒದಗುತ್ತದೆ. ನಮ್ಮ ಯೋಧ ಮಾಂತ್ರಿಕ ವಿದ್ಯೆಯತ್ತ ಏಕೆ ಆಸೆಯಿಂದ ನೋಡುತ್ತಾನೆಂದು ಈಗ ಅರ್ಥವಾಯಿತು.

ಅಂದು ಓಗರ್‌ನ ಮೊದಲ ಏಟು 23 ಬಂದಾಗ ಸುಮ್ಮನಿದ್ದು ರಕ್ಷೆ ಸವೆಯಲು ಬಿಟ್ಟೆ. ಎರಡನೆಯದು 18 ಬಂದಾಗ ಗುರಾಣಿ ಎತ್ತಿದೆ. ಒಂದೇ ಸ್ಲಾಟ್, ಒಂದೇ ತಪ್ಪಿದ ಏಟು. ಮೊತ್ತ ಗೊತ್ತಾದ ಮೇಲೆ ಎದೆ ಮೊದಲಿನಷ್ಟು ಹೊಡೆದುಕೊಳ್ಳುವುದಿಲ್ಲ ಎಂಬುದನ್ನೂ ಒಪ್ಪಿಕೊಳ್ಳಬೇಕು.

ಕೂಟ 5, ಐದನೆಯ ಹಂತ. ನಡುವೆ ಬುದ್ಧಿಯ ಅಂಕ 4ಕ್ಕೆ ಏರಿದ್ದರಿಂದ ರಕ್ಷೆ 14, ಹಿಟ್ ಪಾಯಿಂಟ್ 32. ಹೊಸದಾಗಿ, ಎದುರಾಳಿಯ ಮಂತ್ರವನ್ನೇ ತಡೆಯುವ ಕೌಂಟರ್‌ಸ್ಪೆಲ್ ಕಲಿತಿದ್ದೇನೆ, ಅದೂ ರಿಯಾಕ್ಷನ್ನೇ. ಒಂದು ಸುತ್ತಿಗೆ ರಿಯಾಕ್ಷನ್ ಒಂದೇ ಎಂಬುದು ಗೊತ್ತಿದ್ದರೂ, ಕತ್ತಿಯ ಏಟು 16 ಬಂದೊಡನೆ ಅಭ್ಯಾಸಬಲದಿಂದ ಗುರಾಣಿ ಎಂದುಬಿಟ್ಟೆ. ಏಟು ತಪ್ಪಿತು, 6ಕ್ಕೆ ಇಳಿದಿದ್ದ ರಕ್ಷೆ 8 ಆಯಿತು. ಅದೇ ಸುತ್ತಿನಲ್ಲಿ ಎದುರಾಳಿ ಮಾಂತ್ರಿಕ ಫೈರ್‌ಬಾಲ್ ಎಸೆದ. ಅದಕ್ಕೆ ಆರ್ಮರ್ ಕ್ಲಾಸಿನ ಹಂಗಿಲ್ಲ. ಪೆಟ್ಟನ್ನು ತಗ್ಗಿಸಲು ಉರುಳಿಸುವ ದಾಳವಾದ ನನ್ನ ಸೇವಿಂಗ್ ಥ್ರೋ ಸೋತಿತು, ಪೆಟ್ಟು 29. ರಕ್ಷೆ 8ನ್ನು ನುಂಗಿ ಒಡೆಯಿತು, 11 ಹಿಟ್ ಪಾಯಿಂಟ್‌ನೊಂದಿಗೆ ನಾನು ನಿಂತೆ, ಪಕ್ಕದಲ್ಲಿದ್ದ ಇಬ್ಬರು ಬಿದ್ದರು. ಏಳೆಂಟು ಅಂಕದ ಕತ್ತಿಯೇಟನ್ನು ರಕ್ಷೆಗೆ ಬಿಟ್ಟು ರಿಯಾಕ್ಷನ್ ಉಳಿಸಿಕೊಂಡಿದ್ದರೆ, ಮೂರನೆಯ ದರ್ಜೆಯ ಆ ಬೆಂಕಿಯನ್ನು ಕೌಂಟರ್‌ಸ್ಪೆಲ್ ದಾಳವಿಲ್ಲದೆಯೇ ಆರಿಸುತ್ತಿತ್ತು. ಪುಸ್ತಕದಲ್ಲಿ ಈ ಗುರಾಣಿಯನ್ನು "ಯಶಸ್ವಿ" ಎಂಬ ಕಾಲಂನಲ್ಲಿ ಬರೆದು, ಮತ್ತೆ ಹೊಡೆದು ಹಾಕಿದೆ.

ಈಗ ಪುಸ್ತಕಕ್ಕೆ ಹೊಸ ಕಾಲಂ ಸೇರಿಸಿದ್ದೇನೆ: ಎದುರಿನಲ್ಲಿ ಮಂತ್ರ ಬಲ್ಲವರು ಇದ್ದರೇ, ಅವರ ಸರದಿ ಮುಗಿದಿತ್ತೇ. ಆ ಮಾಂತ್ರಿಕ ತಪ್ಪಿಸಿಕೊಂಡಿದ್ದಾನೆ, ಅವನಿಗೆ ಮ್ಯಾಜಿಕ್ ಮಿಸೈಲ್ ಕೂಡ ಗೊತ್ತಿದೆ ಎಂದು ಸೆರೆಯಾಳೊಬ್ಬ ಹೇಳಿದ. ದಾಳವಿಲ್ಲದೆ ತಗಲುವ ಆ ಬಾಣಗಳನ್ನು ಗುರಾಣಿ ಪೂರ್ತಿಯಾಗಿ ತಡೆಯುತ್ತದೆ. ಮುಂದಿನ ಕೂಟಕ್ಕೆ ಮೊದಲ ದರ್ಜೆಯ ಒಂದು ಸ್ಲಾಟನ್ನು ಅದಕ್ಕೆಂದೇ ಗುರುತು ಹಾಕಿ ಇಟ್ಟಿದ್ದೇನೆ.