ಆ ಹೆಸರು ಈ ಲೈಬ್ರರಿಯಲ್ಲಿ ಇಲ್ಲ

"ಆ ಹೆಸರು ಈ ಲೈಬ್ರರಿಯಲ್ಲಿ ಇಲ್ಲ ಮೇಡಂ."

ಮಂಗಳವಾರದಿಂದ ಈ ಒಂದು ಮಾತು ಕಿವಿಯಲ್ಲೇ ಕೂತಿದೆ. ಹೇಳಿದ್ದು ಮಾಲ್ಡಿ-ಟಾಫ್ ಅನ್ನುವ, ರೋಗಾಣುವಿನ ಹೆಸರು ಹೇಳುವ ಯಂತ್ರದ ಡೆಮೋಗೆ ಬಂದ ಕಂಪನಿಯ ಹುಡುಗ. ಎರಡು ವಾರ ಬಳಸಿ ನೋಡಿ ಅಂತ ಯಂತ್ರವನ್ನು ನಮ್ಮ ಲ್ಯಾಬಿನಲ್ಲಿ ಇಟ್ಟಿದ್ದಾರೆ.

ನನಗೆ ಈ ಯಂತ್ರದ ಮೇಲೆ ವರ್ಷಗಳ ಆಸೆ. ಈಗ ನಮ್ಮಲ್ಲಿ ಪ್ಲೇಟಿನ ಮೇಲೆ ರೋಗಾಣುವಿನ ಕಾಲೊನಿ, ಅಂದರೆ ಕಣ್ಣಿಗೆ ಕಾಣುವ ಗುಂಪು, ಬೆಳೆದ ಮೇಲೂ ಹೆಸರು ಹೇಳಲು ಇನ್ನೊಂದು ದಿನ ಬೇಕು. ಇದರಲ್ಲಿ ಚೂರು ಕಾಲೊನಿಯನ್ನು ಸ್ಟೀಲ್ ಪ್ಲೇಟಿಗೆ ಸವರಿ, ಮೇಲೊಂದು ಹನಿ ಮ್ಯಾಟ್ರಿಕ್ಸ್ ಅನ್ನುವ ದ್ರಾವಣ ಹಾಕಿ, ಒಣಗಿಸಿ ಒಳಗಿಟ್ಟರೆ ಆಯಿತು. ಲೇಸರ್ ಬಡಿದ ಕೂಡಲೇ ಪ್ರೋಟೀನುಗಳು ಗಾಳಿಯಿಲ್ಲದ ಕೊಳವೆಯಲ್ಲಿ ಓಡುತ್ತವೆ. ಹಗುರವಾದದ್ದು ಮೊದಲು ತಲುಪುತ್ತದೆ, ಭಾರದ್ದು ಆಮೇಲೆ. ಆ ಓಟದ ಗುರುತನ್ನು ತನ್ನ ಲೈಬ್ರರಿಯ ಗುರುತುಗಳ ಜೊತೆ ಹೋಲಿಸಿ ನಿಮಿಷಗಳಲ್ಲಿ ಹೆಸರು ಕೊಡುತ್ತದೆ. ಅಂದರೆ ಲೈಬ್ರರಿಯೇ ಎಲ್ಲ.

ಬೆಳಿಗ್ಗೆ ಚೆನ್ನಾಗೇ ನಡೆಯಿತು. ಅವರೇ ತಂದ ಸ್ಟ್ಯಾಂಡರ್ಡ್ ಇ. ಕೋಲಿ ಸ್ಕ್ರೀನಿನಲ್ಲಿ ಹಸಿರು, ಅಂದರೆ ಹೆಸರು ಖಚಿತ. ನಮ್ಮ ದಿನನಿತ್ಯದ ರೋಗಾಣುಗಳಾದ ಕ್ಲೆಬ್ಸಿಯೆಲ್ಲಾ, ಅಸಿನೆಟೋಬ್ಯಾಕ್ಟರ್, ಕ್ಯಾಂಡಿಡಾ ಎಲ್ಲವೂ ಹಸಿರು. ಜೊತೆಗೆ ಬಂದ ಮ್ಯಾನೇಜರ್ ಪ್ರತಿ ಹಸಿರಿಗೂ ನಮ್ಮ ಪರ್ಚೇಸ್‌ನವರ ಮುಖ ನೋಡುತ್ತಿದ್ದರು. ಸ್ಕ್ರೀನ್ ನೋಡಿದ್ದು ಕಡಿಮೆ. ಆ ಮನುಷ್ಯ ನನಗೆ ಹಿಡಿಸಲಿಲ್ಲ. ಹುಡುಗ ಮಾತ್ರ ಒಳ್ಳೆಯವನು, ಕೈ ತುಂಬಾ ಶುದ್ಧ.

ಮಧ್ಯಾಹ್ನ ನಮ್ಮ ಹಿರಿಯ ಟೆಕ್ನಿಷಿಯನ್ ಅಕ್ಕ ಹೋದ ವರ್ಷ ಒಬ್ಬ ರೋಗಿಯಿಂದ ಸಿಕ್ಕಿ ಫ್ರೀಜರಿನಲ್ಲಿಟ್ಟಿದ್ದ ಒಂದು ಸ್ಟ್ರೈನ್ (ರೋಗಾಣುವಿನ ತಳಿ) ತೆಗೆದರು. ಗದ್ದೆ ಕೆಲಸದ ಮನುಷ್ಯ, ಸಕ್ಕರೆ ಕಾಯಿಲೆ, ಬಿಡದ ಜ್ವರ. ನಮ್ಮಲ್ಲಿಗೆ ಬರುವ ಮೊದಲು ಟಿಬಿ ಮಾತ್ರೆ ನುಂಗುತ್ತಿದ್ದರು. ರಕ್ತದಲ್ಲಿ ಬೆಳೆದದ್ದು ಬರ್ಕೋಲ್ಡೇರಿಯಾ ಸ್ಯೂಡೋಮ್ಯಾಲಿಯೈ, ಅಂದರೆ ಮಣ್ಣು ನೀರಿನಲ್ಲಿರುವ ಈ ಬ್ಯಾಕ್ಟೀರಿಯಾ ತರುವ ಮೆಲಿಯೊಯ್ಡೋಸಿಸ್ ರೋಗ. ಆಗಲೇ ಪಿಸಿಆರ್ ಮಾಡಿ ಖಚಿತ ಮಾಡಿಕೊಂಡಿದ್ದೆವು. ಮೂರು ದಿನದ ಪ್ಲೇಟಿನಲ್ಲಿ ಕಾಲೊನಿಗಳು ಒಣಗಿ ಸುಕ್ಕುಗಟ್ಟಿದ್ದವು. ಇದನ್ನು ಹಸಿಯಾಗಿ ಬೆಂಚಿನ ಮೇಲೆ ಸವರುವ ಹಾಗಿಲ್ಲ, ಉಸಿರಿನಲ್ಲಿ ಹೋದರೆ ಅಪಾಯ. ಅಕ್ಕ ಗಾಳಿ ಹೊರಬಾರದ ಸುರಕ್ಷತಾ ಕ್ಯಾಬಿನೆಟ್ಟಿನೊಳಗೇ ಎಥನಾಲ್ ಹಾಕಿ ಕೊಂದು, ಫಾರ್ಮಿಕ್ ಆ್ಯಸಿಡ್, ಅಸಿಟೋನೈಟ್ರೈಲ್ ಹಾಕಿ, ಮೇಲಿನ ತಿಳಿಯನ್ನಷ್ಟೇ ಪ್ಲೇಟಿಗೆ ಬಿಟ್ಟರು.

ಬಣ್ಣ ಹಸಿರೇ ಬಂತು. ಹೆಸರು ಬರ್ಕೋಲ್ಡೇರಿಯಾ ಥೈಲ್ಯಾಂಡೆನ್ಸಿಸ್.

ಅದು ಇದರ ಹತ್ತಿರದ ನೆಂಟ. ಮನುಷ್ಯರಿಗೆ ರೋಗ ತರುವುದು ತೀರಾ ಅಪರೂಪ. ಇನ್ನೊಮ್ಮೆ ಹಾಕಿಸಿದೆ. ಅದೇ ಹೆಸರು, ಅದೇ ಹಸಿರು. ಆಗಲೇ ಹುಡುಗ ಆ ಮಾತು ಹೇಳಿದ್ದು. ಸ್ಯೂಡೋಮ್ಯಾಲಿಯೈ ಬಯೋಟೆರರ್ ಪಟ್ಟಿಯ, ಅಂದರೆ ಅಸ್ತ್ರವಾಗಿ ಬಳಸಬಹುದಾದ ಜೀವಿಯಂತೆ, ಅದರ ಲೈಬ್ರರಿ ಬೇರೆಯಂತೆ, ಬೇರೆಯೇ ಕೇಳಿ ತೆಗೆದುಕೊಳ್ಳಬೇಕಂತೆ.

ಅಕ್ಕ ಮೆತ್ತಗೆ ಕೇಳಿದರು, "ನಮ್ಮಲ್ಲಿ ಅದು ಗದ್ದೆಯಲ್ಲೇ ಇರೋದಲ್ವಾ?"

ಯಾರೂ ಮಾತಾಡಲಿಲ್ಲ.

ಅಮೆರಿಕದಲ್ಲಿ ಅದು ಬೀಗ ಹಾಕಿಡುವ ಜೀವಿ, ಸರಿ. ನಮ್ಮ ಕರಾವಳಿಯಲ್ಲಿ ಮಳೆ ಶುರುವಾದರೆ ಅದೂ ಬರುತ್ತದೆ. ವ್ಹಿಟ್ಮೋರ್ ಮತ್ತು ಕೃಷ್ಣಸ್ವಾಮಿ ರಂಗೂನಿನಲ್ಲಿ ಈ ರೋಗವನ್ನು ವಿವರಿಸಿ ಬರೆದದ್ದು 1912ರಲ್ಲಿ. ನೂರು ವರ್ಷ ದಾಟಿದೆ. ಇಷ್ಟು ಹಳೆಯ ರೋಗಾಣುವಿನ ಹೆಸರು ನಮ್ಮೂರಿಗೆ ಮಾರುವ ಯಂತ್ರದಲ್ಲಿ ಇಲ್ಲ ಅಂದರೆ ನನಗೆ ಸಿಟ್ಟು ಬರುತ್ತದೆ.

ಯಂತ್ರ "ಗೊತ್ತಿಲ್ಲ" ಅಂದಿದ್ದರೆ ಇಷ್ಟು ಹೆದರುತ್ತಿರಲಿಲ್ಲ. ಗೊತ್ತಿಲ್ಲ ಅಂದರೆ ನಾವು ಹುಡುಕುತ್ತೇವೆ. ಹಸಿರು ಬಂದರೆ ಯಾರು ಹುಡುಕುತ್ತಾರೆ? ರಾತ್ರಿ ಡ್ಯೂಟಿಯ ಪಿಜಿ ವಿದ್ಯಾರ್ಥಿನಿ ಆ ಹೆಸರನ್ನೇ ರಿಪೋರ್ಟ್ ಮಾಡುತ್ತಾಳೆ. ವಾರ್ಡಿನಲ್ಲಿ ಸುಮ್ನೆ ಕಂಟ್ಯಾಮಿನೇಷನ್, ಹೊರಗಿನಿಂದ ಸೇರಿಕೊಂಡದ್ದು ಅಂದುಕೊಳ್ಳುತ್ತಾರೆ. ಈ ರೋಗಕ್ಕೆ ಸೆಫ್ಟಾಜಿಡೈಮ್ ಅಥವಾ ಮೆರೋಪೆನೆಮ್ ಕನಿಷ್ಠ 10ರಿಂದ 14 ದಿನ ರಕ್ತನಾಳಕ್ಕೇ ಹೋಗಬೇಕು, ಆಮೇಲೆ ಕೋ-ಟ್ರೈಮಾಕ್ಸಜೋಲ್ ಮಾತ್ರೆ ಕನಿಷ್ಠ 3 ತಿಂಗಳು. ತಪ್ಪು ಹೆಸರಿನ ಮೇಲೆ ಮನೆಗೆ ಕಳಿಸಿದರೆ ಆ ಮನುಷ್ಯ ಉಳಿಯುವುದು ಕಷ್ಟ.

ಕ್ಯಾಂಡಿಡಾ ಆರಿಸ್ ಕಥೆಯೂ ಹೀಗೇ. 2009ರಲ್ಲಿ ಜಪಾನಿನಿಂದ ಮೊದಲು ವರದಿಯಾದ ಯೀಸ್ಟ್ ಅದು. ಲೈಬ್ರರಿಗೆ ಸೇರುವ ತನಕ ಎಷ್ಟೋ ಯಂತ್ರಗಳು ಅದನ್ನು ಬೇರೆ ಹೆಸರಿನಿಂದಲೇ ಕರೆದವು. ಯಂತ್ರ ತನಗೆ ಗೊತ್ತಿರುವವರ ಮುಖವನ್ನಷ್ಟೇ ಗುರುತಿಸುತ್ತದೆ.

ನಿನ್ನೆ ಮೀಟಿಂಗಿನಲ್ಲಿ ಬೆಲೆ, ಎಎಂಸಿ (ವರ್ಷದ ನಿರ್ವಹಣೆ ಒಪ್ಪಂದ), ಯುಪಿಎಸ್ ಬಗ್ಗೆಯೇ ಜಾಸ್ತಿ ಮಾತು. ಅವೂ ಬೇಕು, ಮಳೆಗಾಲದಲ್ಲಿ ಕರೆಂಟ್ ಹೋಗಿ ವ್ಯಾಕ್ಯೂಮ್ ಬಿದ್ದರೆ ಮತ್ತೆ ಎಳೆಯಲು ಹೊತ್ತು ಬೇಕು. ನಾನು ಎರಡು ಷರತ್ತು ಬರೆಸಿದೆ. ಆ ಲೈಬ್ರರಿ ಕೊಟ್ಟು, ನಮ್ಮ ಫ್ರೀಜರಿನ ಸ್ಟ್ರೈನುಗಳ ಮೇಲೆ ಸರಿ ಬಂದ ಮೇಲೆಯೇ ಸಹಿ. ಯಾವ ಯಂತ್ರ ಬಂದರೂ ಬರ್ಕೋಲ್ಡೇರಿಯಾ ಅಂತ ಬಂದ ಪ್ರತಿ ರಿಪೋರ್ಟಿಗೂ, ಅದು ಸ್ಯೂಡೋಮ್ಯಾಲಿಯೈ ಹೌದೋ ಅಲ್ಲವೋ ಅಂತ ನೋಡುವ ಲೇಟೆಕ್ಸ್ ಪರೀಕ್ಷೆ ಆಗಲೇಬೇಕು. ಸೋಮವಾರ ಇನ್ನೊಂದು ಕಂಪನಿಯ ಯಂತ್ರ ಬರುತ್ತದೆ. ಅಕ್ಕ ಆಗಲೇ ಬೇರೆ ಬೇರೆ ವರ್ಷದ ನಾಲ್ಕು ಸ್ಟ್ರೈನ್ ಎಬ್ಬಿಸಿ ಇಟ್ಟಿದ್ದಾರೆ.

ಮಂಗಳವಾರ ಸಂಜೆ ಬಸ್ಸಿಗೆ ಹೊರಡುವ ಮೊದಲು ಹುಡುಗ ಬಾಗಿಲಲ್ಲಿ ನಿಂತು ಕೇಳಿದ, "ಮೇಡಂ, ಆ ಪೇಶೆಂಟ್ ಈಗ ಹೇಗಿದ್ದಾರೆ?"

ಮ್ಯಾನೇಜರ್ ಇಡೀ ದಿನ ಕೇಳದ ಪ್ರಶ್ನೆ ಅದು. ಮಾತ್ರೆ ಪೂರ್ತಿ ಮುಗಿಸಿದರು, ಈ ಸಲವೂ ಅವರೇ ನೇಜಿ ನೆಟ್ಟಿದ್ದಾರಂತೆ ಅಂದೆ. ಗದ್ದೆಗಿಳಿಯುವಾಗ ಬೂಟು ಹಾಕಿಕೊಳ್ಳಿ ಅಂತ ನಾವು ಹೇಳಿ ಕಳಿಸಿದ್ದೆವು. ಹಾಕಿಕೊಂಡಿದ್ದಾರೋ ಇಲ್ಲವೋ.